ಬೆಂಚಿನ ಮೇಲೆ ಅತ್ತ ತರಬೇತುದಾರ

ಮಕ್ಕಳ ಆಟ ನೋಡುತ್ತಾ ಗೆರೆಯಾಚೆ ನಿಂತು ನೀವೂ ಕೂಗಾಡಿದ್ದುಂಟೇ? ಹಾಗಾದರೆ ಅಲ್ ಮೆಗ್ವೈರ್ ನಿಮಗೆ ಹತ್ತಿರದವರೇ.

1928ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು 1964ರಲ್ಲಿ ಮಿಲ್ವಾಕಿಯ ಮಾರ್ಕ್ವೆಟ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತರಬೇತುದಾರರಾದರು. ಯೇಸುಸಭೆಯ ಗುರುಗಳ ವಿದ್ಯಾಸಂಸ್ಥೆ ಅದು. ಆದರೆ ಅಂಕಣದ ಅಂಚಿನಲ್ಲಿ ಮೆಗ್ವೈರ್ ಅವರಿಗೆ ಗುರುಗಳ ತಾಳ್ಮೆಯೇನೂ ಇರಲಿಲ್ಲ ಬಿಡಿ!

1974ರ ರಾಷ್ಟ್ರೀಯ ಫೈನಲ್. ಎದುರಾಳಿ ನಾರ್ತ್ ಕ್ಯಾರೊಲಿನಾ ಸ್ಟೇಟ್. ಮೊದಲರ್ಧದಲ್ಲೇ ರೇಗಾಡಿ ಎರಡು ಟೆಕ್ನಿಕಲ್ ಫೌಲ್ ತಂದುಕೊಂಡರು. ಕೂಗಿದ್ದು ತರಬೇತುದಾರ, ದಂಡ ತೆತ್ತದ್ದು ಹುಡುಗರು: ಎದುರಾಳಿಗೆ ಫ್ರೀ ಥ್ರೋಗಳು, ಅದರ ಬೆನ್ನಿಗೇ ಮುನ್ನಡೆ. ಪಂದ್ಯ 76-64ರಿಂದ ಕೈತಪ್ಪಿತು. ಅಂದು ರಾತ್ರಿ ಆ ಹುಡುಗರ ಮುಖವನ್ನು ಅವರು ಹೇಗೆ ನೋಡಿದರೋ, ನೀವೇ ಊಹಿಸಿಕೊಳ್ಳಿ.

ಮೂರು ವರ್ಷದ ಮೇಲೆ ಇನ್ನೊಂದು ಅವಕಾಶ ಬಂತು. ಆ ಋತುವಿನ ಕೊನೆಗೆ ನಿವೃತ್ತಿಯೆಂದು ಆಗಲೇ ಸಾರಿದ್ದರು. 1977ರ ಮಾರ್ಚ್ 28, ಅಟ್ಲಾಂಟಾ ನಗರ. ನಾರ್ತ್ ಕ್ಯಾರೊಲಿನಾ ವಿರುದ್ಧ 67-59ರ ಗೆಲುವು. ಗಡಿಯಾರದಲ್ಲಿ ಇನ್ನೂ ಕೆಲವು ಸೆಕೆಂಡು ಉಳಿದಿರುವಾಗಲೇ, ಸಾವಿರಾರು ಜನರೆದುರು ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟರು. ಹುಡುಗರು ಕುಣಿಯುತ್ತಿದ್ದರೆ ಅವರು ಒಬ್ಬರೇ ಒಳಕೋಣೆಗೆ ನಡೆದರು.

2001ರ ಜನವರಿ 26ರಂದು ತೀರಿಕೊಂಡರು. ತರಬೇತುದಾರರ ಬೆಂಚಿಗೆ ಮತ್ತೆ ಮರಳಿರಲಿಲ್ಲ.