ಅಂಕಿಗಳಿಗೆ ಆಕಾರ ಕೊಟ್ಟ ವಿಲಿಯಂ ಪ್ಲೇಫೇರ್

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಕಾಡಂಚಿನ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪತ್ತೆ ಮಾಡಿದ ಆ ರೋಗಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಉಣುಗಿನ ಕಡಿತದಿಂದ ಹರಡುವ ಈ ಮಂಗನ ಕಾಯಿಲೆಯ ಪ್ರಕರಣಗಳನ್ನು ತಿಂಗಳವಾರು ಗುರುತಿಸಿ ಗೆರೆ ಎಳೆದರೆ ಒಂದು ಚಿತ್ರ ಮೂಡುತ್ತದೆ. ಚಳಿಗಾಲದಲ್ಲಿ ತಲೆ ಎತ್ತುವ ಗೆರೆ ಜನವರಿಯಿಂದ ಏಪ್ರಿಲ್‌ವರೆಗೆ ಎತ್ತರದಲ್ಲಿದ್ದು, ಮಳೆ ಹಿಡಿಯುವ ಹೊತ್ತಿಗೆ ಇಳಿಯುತ್ತದೆ. ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರು ಯಾವಾಗ ಎಚ್ಚರದಿಂದಿರಬೇಕೆಂಬುದನ್ನು ಆ ಗೆರೆಯೇ ಹೇಳುತ್ತದೆ.

ಅಂಕಿಗಳನ್ನು ಹೀಗೆ ಕಣ್ಣಿಗೆ ಕಾಣಿಸುವ ವಿದ್ಯೆ ಈಗ ಪರೀಕ್ಷೆಯ ವಸ್ತುವೂ ಆಗಿದೆ. ವಿದೇಶಕ್ಕೆ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಕಾಡೆಮಿಕ್ ವಿಭಾಗದಲ್ಲಿ, ಕೊಟ್ಟ ನಕ್ಷೆಯನ್ನು ಸುಮಾರು 20 ನಿಮಿಷದಲ್ಲಿ ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಅಲ್ಲಿ ಎದುರಾಗುವ ರೇಖಾನಕ್ಷೆ, ಸ್ತಂಭಾಲೇಖ, ವೃತ್ತನಕ್ಷೆ ಈ ಮೂರನ್ನೂ ಅಂಕಿ-ಅಂಶಗಳ ಬಳಕೆಗೆ ತಂದವನು ಒಬ್ಬನೇ. ಆತ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್.

ಅಣ್ಣನ ಪಾಠ

ಪ್ಲೇಫೇರ್ ಜನಿಸಿದ್ದು 1759ರ ಸೆಪ್ಟೆಂಬರ್ 22ರಂದು, ಡಂಡಿ ನಗರದ ಸಮೀಪದ ಲಿಫ್ ಎಂಬಲ್ಲಿ. ಪಾದ್ರಿಯಾಗಿದ್ದ ತಂದೆ 1772ರಲ್ಲಿ ತೀರಿಕೊಂಡಾಗ ಸಂಸಾರದ ಭಾರ ಹಿರಿಯಣ್ಣ ಜಾನ್‌ನ ಹೆಗಲೇರಿತು. ಮುಂದೆ ಹೆಸರಾಂತ ಗಣಿತಜ್ಞನಾದ ಈ ಅಣ್ಣ ದಿನದಿನದ ತಾಪಮಾನವನ್ನು ಬರೆದಿಟ್ಟು ಗೆರೆಯಾಗಿ ಮೂಡಿಸುವ ಕೆಲಸವನ್ನು ತಮ್ಮನಿಗೆ ಹಚ್ಚಿದ. ಏರಿಳಿತವನ್ನು ಗೆರೆಯಲ್ಲಿ ಹಿಡಿಯಬಹುದೆಂಬ ಅರಿವಿನ ಬೀಜ ಬಿದ್ದದ್ದು ಅಲ್ಲಿಯೇ.

ಒಕ್ಕಣೆ ಯಂತ್ರದಿಂದ ಹೆಸರಾದ ಆಂಡ್ರ್ಯೂ ಮೀಕಲ್ ಬಳಿ ಕೆಲಸ ಕಲಿತ ಪ್ಲೇಫೇರ್, 1777ರಲ್ಲಿ ಬರ್ಮಿಂಗ್‌ಹ್ಯಾಂ ಸೇರಿ ಉಗಿಯಂತ್ರದ ಜೇಮ್ಸ್ ವಾಟ್‌ಗೆ ಸಹಾಯಕನೂ ನಕ್ಷೆಗಾರನೂ ಆದ. ಬಳಿಕ ಲಂಡನ್ನಿನಲ್ಲಿ ತೆರೆದ ಬೆಳ್ಳಿ ಸಾಮಾನಿನ ವ್ಯಾಪಾರ ಕೈಹಿಡಿಯಲಿಲ್ಲ. ಸೋತ ವ್ಯಾಪಾರಿ ಲೇಖನಿ ಹಿಡಿದ.

ಕೊರತೆಯಿಂದ ಹುಟ್ಟಿದ ಕಂಬಗಳು

1786ರಲ್ಲಿ ಪ್ರಕಟವಾದ 'ದಿ ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್' ಅವನ ಹೆಸರನ್ನು ಉಳಿಸಿದ ಗ್ರಂಥ. ಅದರಲ್ಲಿದ್ದ 44 ನಕ್ಷೆಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಕಾಲದೊಡನೆ ಬದಲಾಗುವ ಲೆಕ್ಕಗಳನ್ನು ತೋರಿಸುತ್ತಿದ್ದವು. ಈಸ್ಟ್ ಇಂಡೀಸ್ ಸೇರಿದಂತೆ ನಾನಾ ದೇಶಗಳೊಡನೆ ಇಂಗ್ಲೆಂಡ್ ನಡೆಸಿದ ಆಮದು ಮತ್ತು ರಫ್ತುಗಳು ಎರಡು ಗೆರೆಗಳಾದವು. ಅವುಗಳ ನಡುವಿನ ಬಣ್ಣ ತುಂಬಿದ ಜಾಗವೇ ಲಾಭ-ನಷ್ಟದ ಲೆಕ್ಕವಾಯಿತು. ಬರೀ ಚಿತ್ರವನ್ನು ಓದುಗರು ನಂಬುವುದು ಕಷ್ಟವೆಂದು ಭಾವಿಸಿದ ವಾಟ್, ಜೊತೆಗೆ ಅಂಕಿಗಳ ಪಟ್ಟಿಯನ್ನೂ ಅಚ್ಚು ಮಾಡುವಂತೆ ಸಲಹೆ ನೀಡಿದ್ದ.

ಉಳಿದ ಆ ಒಂದು ನಕ್ಷೆಯೇ ಸ್ತಂಭಾಲೇಖ. ಸ್ಕಾಟ್ಲೆಂಡಿನ ವ್ಯಾಪಾರದ ಬಗ್ಗೆ 1780-81ರ ಒಂದೇ ವರ್ಷದ ಲೆಕ್ಕ ಮಾತ್ರ ಕೈಗೆ ಸಿಕ್ಕಿತ್ತು. ಒಂದು ವರ್ಷದ ಅಂಕಿಯಿಂದ ಗೆರೆ ಎಳೆಯುವಂತಿರಲಿಲ್ಲ. ಆಗ 17 ನಾಡುಗಳೊಡನೆ ನಡೆದ ವಹಿವಾಟನ್ನು ಅಡ್ಡಪಟ್ಟಿಗಳಾಗಿ ಜೋಡಿಸಿದ. ಕಾಲದ ಓಟವನ್ನು ತೋರಿಸದ ಈ ನಕ್ಷೆಯ ಬಗ್ಗೆ ಅವನಿಗೇ ಸಮಾಧಾನವಿರಲಿಲ್ಲ. ಅದೇ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

1801ರಲ್ಲಿ ಬಂದ 'ದಿ ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ'ಯಲ್ಲಿ ಟರ್ಕಿ ಸಾಮ್ರಾಜ್ಯದ ಏಷ್ಯಾ, ಯೂರೋಪ್ ಮತ್ತು ಆಫ್ರಿಕಾ ಭಾಗಗಳನ್ನು ಒಂದು ವೃತ್ತದ ಹೋಳುಗಳಾಗಿ ತೋರಿಸಿದ. ನಾವು ಪೈ ಚಾರ್ಟ್ ಎನ್ನುವುದು ಇದನ್ನೇ. ಶ್ರೀರಂಗಪಟ್ಟಣ ಪತನವಾದ ಎರಡು ವರ್ಷಗಳಲ್ಲಿ ಹೊರಬಂದ ಈ ಪುಸ್ತಕದಲ್ಲಿ ಹಿಂದೂಸ್ಥಾನದ ಆಳುವ ಶಕ್ತಿಗಳ ಲೆಕ್ಕವೂ ಸೇರಿತ್ತೆಂಬುದು ಗಮನಾರ್ಹ.

ಬಾಳಿನ ಲೆಕ್ಕ ತಪ್ಪಿತು

ಪರರ ಲೆಕ್ಕವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದವನ ಸ್ವಂತ ಲೆಕ್ಕ ಮಾತ್ರ ಸರಿಹೋಗಲಿಲ್ಲ. ಫ್ರಾನ್ಸಿಗೆ ಹೋದ ಪ್ಲೇಫೇರ್, ಕ್ರಾಂತಿಯ ದಿನಗಳಲ್ಲಿ ಅಮೆರಿಕದ ಓಹಿಯೋ ಪ್ರದೇಶದ ಭೂಮಿಯನ್ನು ಫ್ರೆಂಚರಿಗೆ ಮಾರುವ ಸಿಯೋಟೋ ಕಂಪನಿಯ ವ್ಯವಹಾರದಲ್ಲಿ ತೊಡಗಿದ. ಹಣ ಕೊಟ್ಟು 1790ರಲ್ಲಿ ಅಮೆರಿಕ ತಲುಪಿದ ಕುಟುಂಬಗಳಿಗೆ ತಮ್ಮ ಕೈಯಲ್ಲಿದ್ದ ಪತ್ರಗಳಿಗೆ ಬೆಲೆಯಿಲ್ಲವೆಂಬುದು ತಿಳಿಯಿತು. ಲಂಡನ್ನಿಗೆ ಮರಳಿ ಆರಂಭಿಸಿದ ಬ್ಯಾಂಕೂ ಮುಳುಗಿತು. ಸಾಲಗಾರರ ಸೆರೆಮನೆಯನ್ನೂ ಕಂಡ. ಇಂಥವನ ಮಾತನ್ನು ನಂಬಲು ಇಂಗ್ಲೆಂಡಿನ ವಿದ್ವಾಂಸರು ಹಿಂಜರಿದುದರಲ್ಲಿ ಆಶ್ಚರ್ಯವಿಲ್ಲ. ಅವನ ನಕ್ಷೆಗಳಿಗೆ ತಾಯ್ನೆಲದಲ್ಲಿ ಮನ್ನಣೆ ದೊರೆಯಲು ದಶಕಗಳೇ ಹಿಡಿದವು.

ಆದರೂ ಕೈ ನಿಲ್ಲಲಿಲ್ಲ. 1821ರಲ್ಲಿ, ಅರವತ್ತು ದಾಟಿದ ಮೇಲೆ, ಎರಡೂವರೆ ಶತಮಾನಗಳ ಗೋಧಿಯ ಬೆಲೆಯನ್ನೂ ಕುಶಲ ಕೆಲಸಗಾರನ ವಾರದ ಕೂಲಿಯನ್ನೂ ಒಂದೇ ಹಾಳೆಯಲ್ಲಿ ಇಟ್ಟ. ಮೇಲ್ಭಾಗದಲ್ಲಿ ಆಯಾ ಕಾಲದ ದೊರೆಗಳ ಹೆಸರಿದ್ದವು. ಗೋಧಿ ದುಬಾರಿಯಾಯಿತೆಂಬ ಕೂಗಿನ ನಡುವೆ, ಕೂಲಿಗೆ ಹೋಲಿಸಿದರೆ ಅದು ಹಿಂದೆಂದಿಗಿಂತ ಅಗ್ಗವಾಗಿದೆ ಎಂಬುದೇ ಅವನು ಕಂಡ ಸಂಗತಿ. 1823ರ ಫೆಬ್ರವರಿ 11ರಂದು ಲಂಡನ್ನಿನಲ್ಲಿ ಬಡತನದಲ್ಲಿಯೇ ಕಣ್ಣು ಮುಚ್ಚಿದ.

ಭಾಷೆಯ ಹಂಗಿಲ್ಲದ ಚಿತ್ರ

ಅಟ್ಲಾಸ್ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಕೈ ಸೇರಿದಾಗ, ಯಾವ ಭಾಷೆಯವರಿಗೂ ಅರ್ಥವಾಗುವ ಗುಣವನ್ನು ದೊರೆ ಮೆಚ್ಚಿದನೆಂದು ಪ್ಲೇಫೇರ್ ಬರೆದುಕೊಂಡಿದ್ದಾನೆ. ಭಾಷೆಯ ಹಂಗಿಲ್ಲದೆ ತಿಳಿಯಲೆಂದು ಹುಟ್ಟಿದ ಚಿತ್ರವನ್ನು ಇಂಗ್ಲಿಷಿನಲ್ಲಿ ವಿವರಿಸಿ ಅಂಕ ಗಳಿಸಬೇಕಾಗಿರುವುದು ಇಂದಿನ ವಿಪರ್ಯಾಸ. ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯರ್ಥಿಗೆ ಇದು ಅಳುಕಿನ ಸಂಗತಿಯೇ ಸರಿ. ಆದರೆ ಇಲ್ಲಿ ಪದಗಳಿಗಿಂತ ಮೊದಲು ಬೇಕಾದದ್ದು ನೋಟ. ನಕ್ಷೆಯ ಪ್ರತಿ ಅಂಕಿಯನ್ನೂ ಒಪ್ಪಿಸುತ್ತ ಹೋದರೆ ಅದು ಮತ್ತೆ ಪಟ್ಟಿಯಾಗುತ್ತದೆ. ಪ್ಲೇಫೇರ್ ತಪ್ಪಿಸಲು ಹೊರಟದ್ದು ಅದನ್ನೇ. ಒಟ್ಟಾರೆ ಏನಾಯಿತು, ಎಲ್ಲಿ ಏರಿತು, ಎಲ್ಲಿ ಇಳಿಯಿತು, ಯಾವುದು ಯಾವುದನ್ನು ಮೀರಿತು ಎಂಬುದನ್ನು ಮೊದಲು ಕಂಡುಕೊಂಡವನಿಗೆ ಸರಳ ಇಂಗ್ಲಿಷ್ ವಾಕ್ಯಗಳು ಸಾಕಾಗುತ್ತವೆ.

ಮಲೆನಾಡಿನ ಕಾಡಂಚಿನ ಮನೆಯವರು ಮಂಗನ ಕಾಯಿಲೆಯ ಗೆರೆಯನ್ನು ಕಾಗದದ ಮೇಲೆ ನೋಡದಿದ್ದರೂ ಅದರ ಏರಿಳಿತವನ್ನು ಬದುಕಿನಲ್ಲಿ ಕಂಡಿದ್ದಾರೆ. ಮಂಗ ಸತ್ತ ಸುದ್ದಿ ಬಂದರೆ ಕಾಡಿಗೆ ಹೋಗುವ ಕಾಲು ಹಿಂಜರಿಯುತ್ತದೆ, ಮಳೆ ಬಿದ್ದ ಮೇಲೆ ಜೀವ ನಿರಾಳವಾಗುತ್ತದೆ. ಆ ಮನೆಯ ಮಕ್ಕಳು ಪರೀಕ್ಷೆಯ ಕೊಠಡಿಯಲ್ಲಿ ನಕ್ಷೆಯೊಂದನ್ನು ಎದುರಿಸಿದಾಗ ನೆನೆಯಬೇಕಾದದ್ದು ಇಷ್ಟೇ: ಪ್ರತಿ ಗೆರೆಯ ಹಿಂದೆಯೂ ಯಾರದೋ ಒಂದು ವರ್ಷದ ಬಾಳು ಇರುತ್ತದೆ. ಅದನ್ನು ಕಂಡವರಿಗೆ ಹೇಳಲು ಮಾತು ತಾನಾಗಿ ಒದಗುತ್ತದೆ.