ಬರ್ತಾ ಬೆಂಜ್

ಮೋಟಾರು ಕಾರನ್ನು ನಿರ್ಮಿಸಿದವರು ಜರ್ಮನಿಯ ಕಾರ್ಲ್ ಬೆಂಜ್ ಎಂಬುದನ್ನು ವಿದ್ಯಾರ್ಥಿಗಳು ಓದಿರುತ್ತೀರಿ. ಅದನ್ನು ಮೊದಲ ಬಾರಿಗೆ ದೂರದ ಊರಿಗೆ ಓಡಿಸಿ, ಅದರ ಕುಂದುಗಳನ್ನು ತೋರಿಸಿಕೊಟ್ಟವರು ಅವರ ಮಡದಿ ಬರ್ತಾ.

ಬರ್ತಾ 1849ನೆಯ ಇಸವಿ ಮೇ 3ರಂದು ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ ಜನಿಸಿದರು. ಆಗ ಅಲ್ಲಿ ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಮದುವೆಗೆಂದು ತವರಿನಿಂದ ಬರಬೇಕಾಗಿದ್ದ ಹಣವನ್ನು ಮುಂಚಿತವಾಗಿಯೇ ಪಡೆದು ಕಾರ್ಲ್‌ರ ಕಾರ್ಖಾನೆಯನ್ನು ಉಳಿಸಿದರು. 1872ರಲ್ಲಿ ವಿವಾಹವಾಯಿತು. 1886ರಲ್ಲಿ ಮೂರು ಚಕ್ರದ ಕಾರಿಗೆ ಪೇಟೆಂಟ್ ದೊರೆಯಿತು. ಆದರೆ ಕೊಳ್ಳುವವರು ಯಾರು? ಕುದುರೆಯಿಲ್ಲದ ಬಂಡಿಯನ್ನು ಜನ ನಂಬಲಿಲ್ಲ.

1888ರ ಆಗಸ್ಟ್‌ನಲ್ಲಿ ಒಂದು ಮುಂಜಾನೆ, ಪತಿಗೆ ಮೊದಲೇ ತಿಳಿಸದೆ, ಮಕ್ಕಳಾದ ಓಯ್ಗನ್ ಮತ್ತು ರಿಚರ್ಡ್‌ರನ್ನು ಕೂರಿಸಿಕೊಂಡು ಬರ್ತಾ ಮನ್‌ಹೈಮ್‌ನಿಂದ ತವರೂರಿಗೆ ಹೊರಟರು. ದೂರ ನೂರು ಕಿಲೋಮೀಟರಿಗೂ ಮಿಕ್ಕಿ. ಹಿರಿಯನಿಗೆ 15, ಕಿರಿಯನಿಗೆ 13 ವರ್ಷ. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲೋಖ್‌ನ ಔಷಧದಂಗಡಿಯಲ್ಲಿ ಕೊಂಡರು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು.

ನಿಜವಾದ ಕಷ್ಟವೆಲ್ಲ ಏರು ಇಳಿಜಾರುಗಳಲ್ಲಿ. ಸಮತಟ್ಟಾದ ದಾರಿಯಲ್ಲಿ ಓಡಿದ ಕಾರು ದಿಣ್ಣೆ ಬಂದೊಡನೆ ಸೋತು ನಿಲ್ಲುತ್ತಿತ್ತು. ಮಕ್ಕಳು ಇಳಿದು ತಳ್ಳಬೇಕಾಯಿತು. ಏರಿನಲ್ಲಿ ಚಕ್ರ ನಿಧಾನವಾಗಿ, ಆದರೆ ಹೆಚ್ಚು ಬಲದಿಂದ ತಿರುಗಬೇಕು. ಅದನ್ನು ಸಾಧಿಸಿಕೊಡುವುದು ಕೆಳಗಿನ ಗೇರು. ಇಂಜಿನ್ನು ಹಲವು ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ; ವೇಗ ತಗ್ಗಿದಷ್ಟೂ ಬಲ ಹೆಚ್ಚುತ್ತದೆ. ಅಂಥ ಗೇರು ಆ ಕಾರಿನಲ್ಲಿ ಇರಲಿಲ್ಲ.

ಇಳಿಜಾರಿನಲ್ಲಿ ಅಪಾಯ ಇನ್ನೂ ಹೆಚ್ಚು. ಬ್ರೇಕೆಂದರೆ ಚಕ್ರಕ್ಕೆ ಒತ್ತುವ ಮರದ ತುಂಡು. ಉಜ್ಜಿ ಉಜ್ಜಿ ಅದು ಸವೆಯಿತು. ಬೌಶ್‌ಲಾಟ್ ಎಂಬ ಹಳ್ಳಿಯಲ್ಲಿ ಬರ್ತಾ ಚಮ್ಮಾರನನ್ನು ಹುಡುಕಿ ಆ ತುಂಡುಗಳಿಗೆ ತೊಗಲು ಹೊಡೆಸಿದರು. ಬ್ರೇಕಿನ ಪಟ್ಟಿ ಹುಟ್ಟಿದ್ದು ಹೀಗೆ, ಇಂಜಿನಿಯರನ ಕೊಠಡಿಯಲ್ಲಲ್ಲ.

ಇಂದಿಗೂ ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿಕೊಂಡರೆ ಅದು ಕಾದು ಹಿಡಿತ ತಪ್ಪುತ್ತದೆ. ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ದಿಂಬಂ ಘಟ್ಟದ 27 ತಿರುವುಗಳನ್ನು ಬಸ್ಸಿನಲ್ಲಿ ಇಳಿದವರು ಇಂಜಿನ್ನು ಗುರುಗುಟ್ಟುವುದನ್ನು ಕೇಳಿರಬಹುದು. ಚಾಲಕರು ಕೆಳಗಿನ ಗೇರಿಗೆ ಹಾಕಿ ಇಂಜಿನ್ನಿನಿಂದಲೇ ಬಸ್ಸನ್ನು ತಡೆಹಿಡಿಯುತ್ತಿರುತ್ತಾರೆ. ಬ್ರೇಕನ್ನು ಬೇಕಾದಲ್ಲಿ ಮಾತ್ರ ಒತ್ತುತ್ತಾರೆ.

ಸಂಜೆ ತವರು ತಲುಪಿದ ಬರ್ತಾ ಪತಿಗೆ ತಂತಿ ಕಳುಹಿಸಿದರು. ಕೆಲವು ದಿನಗಳ ನಂತರ ಅದೇ ಕಾರಿನಲ್ಲಿ ಹಿಂದಿರುಗಿ, ಕಂಡ ಕೊರತೆಗಳನ್ನೆಲ್ಲ ವಿವರಿಸಿದರು. ದಿಣ್ಣೆ ಏರಲು ಕಾರ್ಲ್ ಇನ್ನೊಂದು ಗೇರನ್ನು ಜೋಡಿಸಿದರು. ಪತಿ 1929ರಲ್ಲಿ ತೀರಿಕೊಂಡರು. ಬರ್ತಾ 95 ವರ್ಷ ತುಂಬಿದ ಎರಡೇ ದಿನಕ್ಕೆ, 1944ರ ಮೇ 5ರಂದು, ಲಾಡನ್‌ಬುರ್ಗ್‌ನಲ್ಲಿ ನಿಧನರಾದರು. ಅವರು ಸಾಗಿದ ದಾರಿ 2008ರಿಂದ ಅವರ ಹೆಸರಿನ ಸ್ಮಾರಕ ಮಾರ್ಗವಾಗಿದೆ. ಚಮ್ಮಾರನ ಆ ಹಳ್ಳಿಯೂ ಅದೇ ದಾರಿಯಲ್ಲಿದೆ.