ಓರಿಜನ್: ವಾಚ್ಯಾರ್ಥದ ಆಚೆಗೆ

ಸುಮಾರು ಕ್ರಿ.ಶ. 185ರಲ್ಲಿ ಜನಿಸಿದ ಅಲೆಕ್ಸಾಂಡ್ರಿಯದ ಓರಿಜನ್, ತಂದೆ ಧರ್ಮಕ್ಕಾಗಿ ಹತನಾದ ಮೇಲೆ ವ್ಯಾಕರಣ ಬೋಧಿಸಿ ಕುಟುಂಬವನ್ನು ಸಲಹಿದ. ಬೈಬಲಿನ ಚರಿತ್ರೆಯನ್ನು ವಾಚ್ಯಾರ್ಥಕ್ಕೆ ಸೀಮಿತಗೊಳಿಸಲು ಅವನು ಒಪ್ಪಲಿಲ್ಲ. ಸೂರ್ಯನಿಲ್ಲದೆ ಮೊದಲ ಮೂರು ದಿನಗಳು ಹೇಗೆ ಸಂದವು ಎಂಬ ಅವನ ಪ್ರಶ್ನೆ ಆದಿಕಾಂಡದ ನಿರಾಕರಣೆಯಲ್ಲ. ಅಂತಹ ಅಸಂಗತಿಯೇ ಓದುಗನನ್ನು ಸೂಚ್ಯಾರ್ಥದತ್ತ ಒಯ್ಯುತ್ತದೆಂಬುದು ಅವನ ನಿಲುವು. ಮುಖ್ಯಾರ್ಥಬಾಧೆಯಿಂದ ಲಕ್ಷಣೆಗೆ ಸಾಗುವ ನಮ್ಮ ಮೀಮಾಂಸೆಯನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ನರಕಾಗ್ನಿಯನ್ನೂ ಅವನು ಹೀಗೆಯೇ ಓದಿದ: ಅದು ಪಾಪಿ ತಾನೇ ಹೊತ್ತಿಸಿಕೊಂಡ ಬೆಂಕಿ, ಶಿಕ್ಷೆಗಿಂತ ಮಿಗಿಲಾಗಿ ಚಿಕಿತ್ಸೆ, ಕಡೆಗೆ ಆತ್ಮಗಳೆಲ್ಲವೂ ದೇವರಲ್ಲಿಗೆ ಮರಳಬಹುದು. 250ರಲ್ಲಿ ಡೇಸಿಯಸ್ ಚಕ್ರವರ್ತಿಯ ಸೆರೆಯಲ್ಲಿ ಚಿತ್ರಹಿಂಸೆಗೊಳಗಾದರೂ ನಂಬಿಕೆಯನ್ನು ಬಿಡದ ಅವನು ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಅಂಥವನ ಬೋಧನೆಗಳನ್ನು 543ರಲ್ಲಿ ಕ್ರೈಸ್ತ ಚಕ್ರವರ್ತಿ ಜಸ್ಟೀನಿಯನ್ನನೇ ಖಂಡಿಸಿದ. ಮೂಲತತ್ತ್ವಗಳನ್ನು ಕುರಿತ ಅವನ ಗ್ರೀಕ್ ಕೃತಿ ಇಡಿಯಾಗಿ ಉಳಿದಿರುವುದು ರುಫೀನಸನ ಲ್ಯಾಟಿನ್ ಅನುವಾದದಲ್ಲಿ ಮಾತ್ರ; ವಿವಾದಾಸ್ಪದ ಭಾಗಗಳನ್ನು ತಿದ್ದಿರುವುದಾಗಿ ಅನುವಾದಕನೇ ಒಪ್ಪಿಕೊಂಡಿದ್ದಾನೆ.